ಪಿಸಿಒಎಸ್ ಇರುವವರು ಗರ್ಭಧಾರಣೆಯ ಔಷಧಗಳನ್ನು ಹೋಲಿಸಿ ನೋಡುವ ಬಗೆ

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದಲ್ಲಿ ಪಿಸಿಒಡಿ ಎಂದೇ ಹೆಚ್ಚು ಕರೆಯಲಾಗುವ ಪಿಸಿಒಎಸ್‌ನಲ್ಲಿ, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡಾಶಯ ಸರಿಯಾಗಿ ಕೆಲಸ ಮಾಡದ ಸಮಸ್ಯೆಯಲ್ಲಿ, ಗರ್ಭ ನಿಲ್ಲದಿರಲು ಮುಖ್ಯ ಕಾರಣವೆಂದರೆ ಅಂಡಾಣು ತಿಂಗಳು ತಿಂಗಳು ಬಲಿತು ಹೊರಬೀಳದಿರುವುದು. ವೈದ್ಯರು ಬರೆಯುವ ಔಷಧಗಳು ಈ ಕೆಲಸವನ್ನೇ ಬೇರೆ ಬೇರೆ ದಾರಿಯಿಂದ ಮಾಡಿಸುತ್ತವೆ. ಆದ್ದರಿಂದ ಎರಡು ಔಷಧಗಳನ್ನು ಹೋಲಿಸುವಾಗ ‘ಅಂಡ ಬೆಳೆಯುತ್ತದೆಯೇ’ ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಮಂದಿಗೆ ಹೆರಿಗೆಯಾಗಿ ಮಗು ಕೈಗೆ ಬಂತು, ಅವಳಿಯ ಸಾಧ್ಯತೆ ಎಷ್ಟು, ಎಷ್ಟು ಸಲ ಸ್ಕ್ಯಾನಿಂಗಿಗೆ ಹೋಗಬೇಕು ಎಂಬುದನ್ನೂ ಕೇಳಬೇಕು. ಲಿಂಗಸುಗೂರಿನಿಂದಲೋ ಕುಷ್ಟಗಿಯಿಂದಲೋ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಗಳಿಗೆ ಈ ಕೊನೆಯ ಪ್ರಶ್ನೆ ಗುಳಿಗೆಯ ಬೆಲೆಗಿಂತ ದೊಡ್ಡದು.

ಗುಳಿಗೆ ಆರಂಭಿಸುವ ಮೊದಲು ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಮತ್ತು ಸಕ್ಕರೆಯ ರಕ್ತಪರೀಕ್ಷೆ ಹಾಗೂ ಗಂಡನ ವೀರ್ಯ ಪರೀಕ್ಷೆ ಆಗಿರಬೇಕು. ಸೊಸೆಗೆ ವರ್ಷಗಟ್ಟಲೆ ಗುಳಿಗೆ ನುಂಗಿಸಿ ಮಗನ ಪರೀಕ್ಷೆಯ ಮಾತನ್ನೇ ಎತ್ತದ ಮನೆಗಳು ಇನ್ನೂ ಇವೆ. ವೀರ್ಯಾಣುವಿನ ಕೊರತೆಯಿದ್ದರೆ ಯಾವ ಗುಳಿಗೆಯ ಹೋಲಿಕೆಯೂ ಅರ್ಥ ಕಳೆದುಕೊಳ್ಳುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಗಳಲ್ಲಿ ಈ ತಪಾಸಣೆಗೆ ಮೊದಲಿಡಬಹುದು.

ಮುಖ್ಯ ಹೋಲಿಕೆಯಿರುವುದು ಅಂಡ ಬೆಳೆಸುವ ಎರಡು ಗುಳಿಗೆಗಳಾದ ಲೆಟ್ರೊಜೋಲ್ ಮತ್ತು ಕ್ಲೋಮಿಫೀನ್ ನಡುವೆ. ಎರಡನ್ನೂ ಮುಟ್ಟಿನ ಆರಂಭದ ದಿನಗಳಲ್ಲಿ, ಸಾಮಾನ್ಯವಾಗಿ ಐದು ದಿನ ಕೊಡುತ್ತಾರೆ, ಲೆಟ್ರೊಜೋಲ್ 2.5 ಮಿಲಿಗ್ರಾಂನಿಂದಲೂ ಕ್ಲೋಮಿಫೀನ್ 50 ಮಿಲಿಗ್ರಾಂನಿಂದಲೂ ಆರಂಭವಾಗಿ, ಅಂಡ ಬೆಳೆಯದಿದ್ದರೆ ಮುಂದಿನ ಸುತ್ತಿನಲ್ಲಿ, ಅಂದರೆ ಮುಂದಿನ ಮುಟ್ಟಿನ ನಂತರ, ಪ್ರಮಾಣ ಏರುತ್ತದೆ. ಅಮೆರಿಕದಲ್ಲಿ 750 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ಸುತ್ತುಗಳವರೆಗಿನ ಚಿಕಿತ್ಸೆಯ ನಂತರ ಲೆಟ್ರೊಜೋಲ್ ಪಡೆದವರಲ್ಲಿ ಶೇ 27.5ರಷ್ಟು ಮಂದಿಗೂ ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1ರಷ್ಟು ಮಂದಿಗೂ ಜೀವಂತ ಮಗು ಹುಟ್ಟಿತು. 2018 ಮತ್ತು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಲೆಟ್ರೊಜೋಲನ್ನು ಮೊದಲ ಆಯ್ಕೆಯಾಗಿ ಹೇಳಿವೆ. ಕ್ಲೋಮಿಫೀನ್ ದೇಹದಲ್ಲಿ ಹೆಚ್ಚು ದಿನ ಉಳಿಯುವುದರಿಂದ ಕೆಲವರಲ್ಲಿ ಗರ್ಭಕೋಶದ ಒಳಪದರ ತೆಳುವಾಗುತ್ತದೆ. ಮೈ ಬಿಸಿಯೇರುವುದೂ ಅದರಲ್ಲಿ ಹೆಚ್ಚು, ಕಣ್ಣು ಮಂಜಾದರೆ ಅಥವಾ ಎದುರಿಗೆ ಮಿಂಚು ಹೊಳೆದಂತಾದರೆ ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು. ಲೆಟ್ರೊಜೋಲಿನಲ್ಲಿ ಸುಸ್ತು, ತಲೆಸುತ್ತು ಹೆಚ್ಚು. ಹಾಗೆಂದು ಕ್ಲೋಮಿಫೀನ್ ಕೆಲಸಕ್ಕೆ ಬಾರದ ಔಷಧವಲ್ಲ. ಅದರಿಂದ ತಾಯಿಯಾದವರು ನಮ್ಮ ಸುತ್ತಲೇ ಇದ್ದಾರೆ.

ಲೆಟ್ರೊಜೋಲ್ ಕೈಗೆ ಬಂದಾಗ ಒಂದು ಗಾಬರಿ ಸಾಮಾನ್ಯ. ಡಬ್ಬಿಯೊಳಗಿನ ಮಡಚಿದ ಚೀಟಿ ಬಿಡಿಸಿದರೆ ಸ್ತನ ಕ್ಯಾನ್ಸರಿನ ಔಷಧವೆಂದು ಬರೆದಿರುತ್ತದೆ. ಓದಿದ ಮೈದುನನೋ ನಾದಿನಿಯೋ ‘ಏನಕ್ಕಾ, ಡಾಕ್ಟರು ಇದೇನು ಕೊಟ್ಟಾರ?’ ಎಂದು ಕೇಳಿದರೆ ಗುಳಿಗೆ ಅಲ್ಲಿಗೇ ನಿಲ್ಲುತ್ತದೆ. ಔಷಧ ಮೂಲತಃ ಅದಕ್ಕೇ ಬಂದದ್ದು ನಿಜ. ಹುಟ್ಟುವ ಮಗುವಿಗೆ ದೋಷ ಬರಬಹುದೆಂಬ ಆತಂಕದಿಂದ ಭಾರತ ಸರ್ಕಾರ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದರ ಬಳಕೆಯನ್ನು ನಿಷೇಧಿಸಿ, 2017ರಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು. ಲೆಟ್ರೊಜೋಲ್ ಮತ್ತು ಕ್ಲೋಮಿಫೀನ್ ಪಡೆದವರಿಗೆ ಹುಟ್ಟಿದ ಶಿಶುಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಲೆಟ್ರೊಜೋಲಿನಿಂದ ಹೆಚ್ಚಿನ ದೋಷ ಕಂಡುಬರಲಿಲ್ಲ. ಆದರೂ ಗರ್ಭ ನಿಂತಿದ್ದಾಗ ಇದನ್ನು ನುಂಗಬಾರದು. ಆದ್ದರಿಂದಲೇ ಪ್ರತಿ ಸುತ್ತಿಗೂ ಮೊದಲು ಗರ್ಭ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತಾವೇ ಮತ್ತೊಮ್ಮೆ ಕೊಂಡು ನುಂಗಬಾರದು.

ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯ ಗುಳಿಗೆ, ಪಿಸಿಒಎಸ್ ಇರುವವರಿಗೂ ಬರೆಯುತ್ತಾರೆ. 2007ರಲ್ಲಿ ಪ್ರಕಟವಾದ 626 ಮಹಿಳೆಯರ ಅಧ್ಯಯನದಲ್ಲಿ ಅದೊಂದನ್ನೇ ಪಡೆದವರಲ್ಲಿ ಶೇ 7.2ರಷ್ಟು ಮಂದಿಗೆ ಮಾತ್ರ ಮಗುವಾಯಿತು. ಕ್ಲೋಮಿಫೀನ್ ಪಡೆದವರಲ್ಲಿ ಶೇ 22.5. ಇನ್ಸುಲಿನ್ ಪ್ರತಿರೋಧವಿರುವವರಿಗೆ, ಅಂದರೆ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದವರಿಗೆ, ಜೊತೆಗೂಡಿಸಲು ಅದು ಉಪಯುಕ್ತ. ಊಟದ ಜೊತೆ ಸಣ್ಣ ಪ್ರಮಾಣದಿಂದ ಏರಿಸಿದರೆ ಹೊಟ್ಟೆ ತೊಳಸುವುದು, ಭೇದಿಯಾಗುವುದು ಕಡಿಮೆ.

ಗುಳಿಗೆಗೆ ಅಂಡ ಬೆಳೆಯದಿದ್ದವರಿಗೆ ಹಾರ್ಮೋನ್ ಇಂಜೆಕ್ಷನ್ ಬರುತ್ತದೆ. ಇದರ ಶಕ್ತಿಯೇ ಇದರ ಅಪಾಯ: ಒಂದರ ಬದಲು ಹಲವು ಅಂಡಗಳು ಬೆಳೆದು ಅವಳಿ-ತ್ರಿವಳಿಯಾಗಬಹುದು, ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಬಹುದು. ಹೊಟ್ಟೆ ಉಬ್ಬಿ ತೀವ್ರವಾಗಿ ನೋಯುವುದು, ವಾಂತಿ, ಉಸಿರುಗಟ್ಟುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆ ಸೇರಬೇಕು. ಅಂಡಗಳ ಸಂಖ್ಯೆ, ಅಳತೆ ನೋಡಲು ಪದೇ ಪದೇ ಸ್ಕ್ಯಾನಿಂಗ್ ಅನಿವಾರ್ಯವಾದ್ದರಿಂದ, ಅಷ್ಟು ದಿನ ಊರಿನಿಂದ ಓಡಾಡಲು ಆಗುವುದೇ, ಪಟ್ಟಣದಲ್ಲಿ ನೆಂಟರ ಮನೆಯಲ್ಲಿ ಉಳಿಯಬೇಕೇ ಎಂಬುದನ್ನು ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ತೀರ್ಮಾನಿಸಬೇಕು. ಸ್ಕ್ಯಾನಿಂಗ್ ತಪ್ಪಿಸಿ ಇಂಜೆಕ್ಷನ್ ಮಾತ್ರ ಮುಂದುವರಿಸುವುದು ಸಲ್ಲದು.

ಯಾವ ಔಷಧವಾದರೂ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಮುಟ್ಟಾದ ದಿನಾಂಕ, ಔಷಧದ ಹೆಸರು ಮತ್ತು ಪ್ರಮಾಣ, ಸ್ಕ್ಯಾನಿಂಗಿನಲ್ಲಿ ಕಂಡ ಅಂಡದ ಅಳತೆ, ಒಳಪದರದ ದಪ್ಪ ಇವನ್ನು ಸುತ್ತುವಾರು ಬರೆದಿಡಬೇಕು. ಕೊಪ್ಪಳದಿಂದ ಹುಬ್ಬಳ್ಳಿಗೆ, ಬಳ್ಳಾರಿಯಿಂದ ಬೆಂಗಳೂರಿಗೆ ಚಿಕಿತ್ಸೆ ಬದಲಿಸಿದಾಗ ಈ ಬರಹವಿದ್ದರೆ, ವಿಫಲವಾದ ಅದೇ ಪ್ರಮಾಣದಿಂದ ಹೊಸ ವೈದ್ಯರು ಮತ್ತೆ ಆರಂಭಿಸಬೇಕಾಗುವುದಿಲ್ಲ.