ನಾಯಕನಟನ ಸಂಭಾವನೆಯನ್ನು ಲೆಕ್ಕ ಹಾಕುವುದು ಹೇಗೆ?

ಗಾಂಧಿನಗರಕ್ಕೆ ಮೊದಲ ಬಾರಿ ಚಿತ್ರ ನಿರ್ಮಿಸಲು ಬರುವವರು ನಾಯಕನ ಸಂಭಾವನೆಯನ್ನು ನಿಗದಿ ಮಾಡುವ ರೀತಿ ಬಹುತೇಕ ಒಂದೇ ಆಗಿರುತ್ತದೆ. ಹಿಂದಿನ ಚಿತ್ರಕ್ಕೆ ಎಷ್ಟು ಸಿಕ್ಕಿತ್ತೆಂದು ನಟನ ಮ್ಯಾನೇಜರ್ ಬಾಯಿಂದ ಕೇಳಿ, ಅದರ ಮೇಲೆ ಇನ್ನಷ್ಟು ಸೇರಿಸಿ, ಮುಹೂರ್ತಕ್ಕೆ ಮೊದಲೇ ದೊಡ್ಡ ಮೊತ್ತದ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಉಳಿದ ಹಣದಲ್ಲಿ ಚಿತ್ರ ಮುಗಿಸಬೇಕಾದಾಗ ಚಿತ್ರೀಕರಣದ ದಿನಗಳು ಕಡಿತವಾಗುತ್ತವೆ, ತಂತ್ರಜ್ಞರ ಬಾಕಿ ಹಾಗೇ ಉಳಿಯುತ್ತದೆ, ಪ್ರಚಾರಕ್ಕೆ ಸಾಲ ಮಾಡಬೇಕಾಗುತ್ತದೆ. ಈ ಕ್ರಮವೇ ತಲೆಕೆಳಗಾದದ್ದು. ಆ ನಟನ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಚಿತ್ರಕ್ಕೆ ಹೆಚ್ಚುವರಿಯಾಗಿ ಎಷ್ಟು ಹಣ ಬರುತ್ತದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು; ಸಂಭಾವನೆ ಅದರಲ್ಲಿ ಒಂದು ಪಾಲು ಮಾತ್ರ.

ಮೊದಲು ಜಾಲತಾಣಗಳಲ್ಲಿ ಓಡಾಡುವ ‘ಯಾರ ಸಂಭಾವನೆ ಎಷ್ಟು ಕೋಟಿ’ ಪಟ್ಟಿಗಳನ್ನು ಬದಿಗಿಡಿ. ಒಪ್ಪಂದಗಳು ಖಾಸಗಿಯಾಗಿರುತ್ತವೆ, ಹೊರಗೆ ಕೇಳಿಬರುವ ಅಂಕಿಯಲ್ಲಿ ಕೈಗೆ ಬಂದ ಹಣವೆಷ್ಟು, ಲಾಭದ ಪಾಲೆಷ್ಟು, ಬರೀ ಮಾತೆಷ್ಟು ಎಂದು ಬೇರ್ಪಡಿಸಲಾಗದು.

ಎರಡನೆಯ ಹೆಜ್ಜೆಯೇ ಎಲ್ಲರೂ ಎಡವುವ ಜಾಗ. ನಟನ ಹಿಂದಿನ ಚಿತ್ರ ‘10 ಕೋಟಿ ಗಳಿಸಿತು’ ಎಂಬ ಪೋಸ್ಟರ್ ನೋಡಿ, ಅದರಲ್ಲಿ 3 ಕೋಟಿ ನಾಯಕನಿಗೆ ಕೊಟ್ಟರೂ 7 ಕೋಟಿ ಉಳಿಯುತ್ತದೆ ಎಂದುಕೊಳ್ಳುವವರಿದ್ದಾರೆ. ಆ 10 ಕೋಟಿ ಎಂಬುದು ಪ್ರೇಕ್ಷಕರು ಟಿಕೆಟ್‌ಗೆ ಕೊಟ್ಟ ಒಟ್ಟು ಹಣ, ಅಂದರೆ ಗ್ರಾಸ್. ಒಂದು ಟಿಕೆಟ್ ಹಿಡಿದು ನೋಡಿ. ತೆರಿಗೆಯೂ ಸೇರಿ 200 ರೂಪಾಯಿಯ ಟಿಕೆಟ್‌ನಲ್ಲಿ ಶೇ 18ರ ಜಿಎಸ್‌ಟಿ ತೆಗೆದರೆ ಉಳಿಯುವುದು ಸುಮಾರು 169 ರೂಪಾಯಿ. ಇದನ್ನು ನೆಟ್ ಎನ್ನುತ್ತಾರೆ. ಇದರಲ್ಲಿ ಅರ್ಧ ಚಿತ್ರಮಂದಿರಕ್ಕೆ ಹೋದರೆ ವಿತರಕರ ಕೈಗೆ ಬರುವ ಶೇರ್ ಸುಮಾರು 85 ರೂಪಾಯಿ. ವಿತರಕರ ಕಮಿಷನ್ ಶೇ 10 ಎಂದು ಇಟ್ಟುಕೊಂಡರೆ ನಿರ್ಮಾಪಕರಿಗೆ 76 ರೂಪಾಯಿ ತಲುಪುತ್ತದೆ. ಪೋಸ್ಟರ್‌ನ 10 ಕೋಟಿ ಇದೇ ದಾರಿಯಲ್ಲಿ ಬಂದಾಗ ಸುಮಾರು 3.8 ಕೋಟಿಯಾಗಿರುತ್ತದೆ. ಪ್ರಚಾರದ ಖರ್ಚು ಮತ್ತು ಚಿತ್ರಮಂದಿರಗಳಿಗೆ ಡಿಜಿಟಲ್ ಪ್ರತಿ ತಲುಪಿಸುವ ಶುಲ್ಕವನ್ನು ಕಳೆಯಬೇಕಾದದ್ದು ಈ 3.8 ಕೋಟಿಯಲ್ಲಿಯೇ. (2025ರ ಸೆಪ್ಟೆಂಬರ್‌ನಿಂದ 100 ರೂಪಾಯಿ ಹಾಗೂ ಅದಕ್ಕಿಂತ ಕಡಿಮೆ ದರದ ಟಿಕೆಟ್‌ಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ, ಅಂಥ ಚಿತ್ರಮಂದಿರಗಳನ್ನು ಬೇರೆಯಾಗಿಯೇ ಲೆಕ್ಕ ಮಾಡಿ.)

ಅರ್ಧ ಪಾಲು ಎಂಬುದೂ ಎಲ್ಲ ಕಡೆ, ಎಲ್ಲ ವಾರ ಸಿಗುವುದಿಲ್ಲ. 2009ರಲ್ಲಿ ಹಿಂದಿ ನಿರ್ಮಾಪಕರು ಸುಮಾರು ಎರಡು ತಿಂಗಳು ಹೊಸ ಚಿತ್ರಗಳನ್ನು ತಡೆಹಿಡಿದ ಬಳಿಕ ಮಲ್ಟಿಪ್ಲೆಕ್ಸ್‌ಗಳೊಂದಿಗೆ ಆದ ಒಪ್ಪಂದದ ಪ್ರಕಾರ ವಿತರಕರಿಗೆ ಮೊದಲ ವಾರ ಶೇ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಅನಂತರ 30 ಸಿಗುತ್ತದೆ. ನಿಮ್ಮ ಚಿತ್ರಕ್ಕೆ ಯಾವ ಪ್ರಮಾಣ ಅನ್ವಯಿಸುತ್ತದೆ ಎಂಬುದನ್ನು ವಿತರಕರಿಂದ ಬರಹದಲ್ಲಿ ಪಡೆಯಿರಿ. ಕರ್ನಾಟಕದ ಒಂಟಿಪರದೆಯ ಅನೇಕ ಚಿತ್ರಮಂದಿರಗಳಲ್ಲಿ ಇಂದಿಗೂ ವಾರದ ಬಾಡಿಗೆ ಪದ್ಧತಿಯಿದೆ. ಚಿತ್ರ ಓಡಿದರೆ ಬಾಡಿಗೆ ಕಳೆದು ಉಳಿದದ್ದೆಲ್ಲ ನಿಮ್ಮದು. ಓಡದಿದ್ದರೆ ಬಾಡಿಗೆಯನ್ನು ನೀವೇ ಕೈಯಿಂದ ಕಟ್ಟಬೇಕು. ಆದ್ದರಿಂದ ಬೆಂಗಳೂರು-ಕೋಲಾರ-ತುಮಕೂರಿನ ಬಿಕೆಟಿ ವಿತರಣಾ ಪ್ರದೇಶದ ಅಂಕಿಯನ್ನು ಹಿಡಿದು ಇಡೀ ರಾಜ್ಯದ ಶೇರ್ ಊಹಿಸಬೇಡಿ. ಪ್ರತಿ ಪ್ರದೇಶದ ಶೇರ್ ವಿವರವನ್ನು ಅಲ್ಲಿಯ ವಿತರಕರಿಂದಲೇ ಕೇಳಿ ಪಡೆಯಿರಿ. ಆನ್‌ಲೈನ್ ಬುಕಿಂಗ್‌ನ ಆಸನ ನಕ್ಷೆಗಳನ್ನು ನೋಡಿ ಅಂದಾಜು ಮಾಡುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಚಿತ್ರದ ಕಡೆಯವರೇ ಸಗಟಾಗಿ ಕೊಂಡ ಟಿಕೆಟ್‌ಗಳೂ ಅಲ್ಲಿ ಪ್ರೇಕ್ಷಕರಾಗಿಯೇ ಕಾಣಿಸುತ್ತವೆ. ಟ್ರೇಲರ್ ವೀಕ್ಷಣೆಯ ಸಂಖ್ಯೆಯಂತೂ ಹಣ ಕೊಟ್ಟರೆ ಸಿಗುವ ಸರಕು. ಅದನ್ನು ಸಂಭಾವನೆಯ ಮಾತುಕತೆಗೆ ತಂದವರೊಡನೆ ಆ ಮಾತನ್ನು ಮುಂದುವರಿಸಬೇಡಿ.

ಶೇರ್ ಸಿಕ್ಕ ಮೇಲೆ ಅದನ್ನು ಎರಡಾಗಿ ಒಡೆಯಿರಿ. ಮೊದಲ ಮೂರು ದಿನ ಬರುವ ಜನ ಬಹುಪಾಲು ನಾಯಕನ ಹೆಸರಿಗೆ ಬಂದವರು. ನಾಲ್ಕನೆಯ ದಿನವಾದ ಸೋಮವಾರದಿಂದ ಬರುವವರು ಚಿತ್ರ ಚೆನ್ನಾಗಿದೆಯೆಂದು ಕೇಳಿ ಬಂದವರು. ಆದ್ದರಿಂದ ನಟನ ಇತ್ತೀಚಿನ ಮೂರು ಚಿತ್ರಗಳ ಮೊದಲ ಮೂರು ದಿನಗಳ ಶೇರ್ ಮಾತ್ರ ತೆಗೆದುಕೊಂಡು, ದೊಡ್ಡದನ್ನೂ ಚಿಕ್ಕದನ್ನೂ ಬಿಟ್ಟು, ನಡುವಿನದನ್ನು ಹಿಡಿಯಿರಿ. ಒಂದೇ ದೊಡ್ಡ ಗೆಲುವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಉದ್ಯಮಕ್ಕೆ ತುಂಬ ದುಬಾರಿಯಾಗಿರುವ ಅಭ್ಯಾಸ. 2018ರಲ್ಲಿ ‘ಕೆಜಿಎಫ್’ ಐದು ಭಾಷೆಗಳಲ್ಲಿ ಬಿಡುಗಡೆಯಾಗಿ ಗೆದ್ದ ನಂತರ, ಹೊರರಾಜ್ಯದ ಮಾರುಕಟ್ಟೆಯನ್ನು ಎಂದೂ ಮುಟ್ಟದ ನಟರ ಸಂಭಾವನೆಯಲ್ಲೂ ಆ ಮಾರುಕಟ್ಟೆಯ ಹೆಸರಿನಲ್ಲಿ ಏರಿಕೆ ಕೇಳುವುದುಂಟು. ತೆಲುಗು, ತಮಿಳು ಅಥವಾ ಹಿಂದಿಯಲ್ಲಿ ಆ ನಟನ ಚಿತ್ರಕ್ಕೆ ಈ ಮೊದಲು ಹಣ ಕೊಟ್ಟ ವಿತರಕರಿದ್ದರೆ ಆ ಮೊತ್ತವನ್ನು ಸೇರಿಸಿ. ಇಲ್ಲದಿದ್ದರೆ ಸೊನ್ನೆ ಬರೆಯಿರಿ.

ಒಟಿಟಿ, ಉಪಗ್ರಹ ವಾಹಿನಿ, ಆಡಿಯೊ ಮತ್ತು ಹಿಂದಿ ಡಬ್ಬಿಂಗ್ ಹಕ್ಕುಗಳಿಗೆ ಖರೀದಿದಾರರು ಬರಹದಲ್ಲಿ ಹೇಳಿದ ಮೊತ್ತವನ್ನಷ್ಟೇ ಸೇರಿಸಬೇಕು. ಕೋವಿಡ್ ಕಾಲದಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ಒಟಿಟಿಗಳು ಕೊಟ್ಟ ಬೆಲೆ ಈಗ ಯಾವ ಮಾತುಕತೆಗೂ ಆಧಾರವಾಗದು.

ಈಗ ಮುಖ್ಯವಾದ ಕಳೆಯುವ ಲೆಕ್ಕ. ಅದೇ ಕತೆಯನ್ನು ಹೊಸ ಮುಖದೊಂದಿಗೆ ಮಾಡಿದರೆ ಹಕ್ಕುಗಳೂ ಶೇರೂ ಸೇರಿ 2 ಕೋಟಿ, ಈ ನಟನೊಂದಿಗೆ ಮಾಡಿದರೆ 11 ಕೋಟಿ ಬರಬಹುದು ಎಂದು ಇಟ್ಟುಕೊಳ್ಳೋಣ. ವ್ಯತ್ಯಾಸ 9 ಕೋಟಿ. ದೊಡ್ಡ ನಟ ಬಂದಾಗ ಖರ್ಚೂ ದೊಡ್ಡದಾಗುತ್ತದೆ: ಸಾಹಸ ದೃಶ್ಯ, ಹೆಚ್ಚಿನ ಪ್ರಚಾರ, ಕ್ಯಾರವಾನ್, ಅವರದೇ ಮೇಕಪ್ ಮತ್ತು ವಸ್ತ್ರ ವಿನ್ಯಾಸದವರು, ಅಂಗರಕ್ಷಕರು, ಇವರೆಲ್ಲರ ಬಾಟಾ (ದಿನಭತ್ಯೆ). ಇದಕ್ಕೆ 2.5 ಕೋಟಿ ಕಳೆದರೆ 6.5 ಕೋಟಿ. ನಟನಿಗೆ ಕೊಡಲು ಬೇಕಾದ 3 ಕೋಟಿಯನ್ನು ಫೈನಾನ್ಸಿಯರ್ ಹತ್ತಿರ ತಿಂಗಳಿಗೆ ಶೇ 2ರಂತೆ ತಂದು, ಬಿಡುಗಡೆಗೆ 18 ತಿಂಗಳು ಹಿಡಿದರೆ ಬಡ್ಡಿಯೇ 1.08 ಕೋಟಿ. ಉಳಿದ ಸುಮಾರು 5.4 ಕೋಟಿಯನ್ನು ಪೂರ್ತಿ ನಟನಿಗೆ ಕೊಟ್ಟರೆ, ಈ ನಟನಿರುವ ದೊಡ್ಡ ಚಿತ್ರದ ಅಪಾಯವನ್ನೆಲ್ಲ ನೀವು ಹೊತ್ತು ಹೊಸಮುಖದ ಚಿತ್ರದಷ್ಟೇ ಲಾಭ ಪಡೆದಂತಾಗುತ್ತದೆ. ನನ್ನ ಪ್ರಕಾರ ಮಾತುಕತೆಯನ್ನು ಅದರ ಅರ್ಧದಿಂದ ಆರಂಭಿಸಬೇಕು, 3.5 ಕೋಟಿಯನ್ನು ದಾಟಲೇಬಾರದು. ಇದೇ ಲೆಕ್ಕವನ್ನು ನಾಯಕಿಗೂ ಮಾಡಬೇಕೆಂದು ಒತ್ತಿ ಹೇಳುತ್ತೇನೆ. ಬೇರೆ ಭಾಷೆಯಲ್ಲಿ ಹೆಸರಿರುವ ನಟಿಯಿಂದ ಹಕ್ಕುಗಳ ಬೆಲೆ ಏರಿದಾಗಲೂ ಅದರ ಪಾಲು ಆಕೆಗೆ ಸಿಗದಿರಲು ಕಾರಣ, ಅಂಥ ಲೆಕ್ಕವನ್ನು ಯಾರೂ ಮಾಡದಿರುವುದು.

ನಟ ಇದಕ್ಕಿಂತ ಹೆಚ್ಚು ಕೇಳಿದರೆ, ಹೆಚ್ಚುವರಿ ಮೊತ್ತವನ್ನು ಲಾಭದ ಪಾಲಾಗಿ ಕೊಡಲು ಒಪ್ಪಿ. ಹಿಂದಿಯಲ್ಲಿ ಆಮಿರ್ ಖಾನ್ ಅವರಂಥವರು ಈ ದಾರಿಯಲ್ಲಿ ನಡೆದಿದ್ದಾರೆ. ಕನ್ನಡದಲ್ಲಿ ಯಶ್ ತಮ್ಮ ಸಂಸ್ಥೆಯ ಮೂಲಕ ಸಹನಿರ್ಮಾಪಕರಾಗಿದ್ದಾರೆ. ಆದರೆ ಯಾವ ಯಾವ ಖರ್ಚನ್ನು ಕಳೆದ ಮೇಲೆ ಉಳಿದದ್ದು ಲಾಭ, ಲೆಕ್ಕಪುಸ್ತಕವನ್ನು ಯಾರು ಯಾವಾಗ ಪರಿಶೀಲಿಸಬಹುದು ಎಂಬ ವಿವರ ಒಪ್ಪಂದದಲ್ಲಿ ಇರಲೇಬೇಕು. ಈ ಎರಡು ಸಾಲುಗಳಿಲ್ಲದ ಒಪ್ಪಂದಗಳೇ ಆಮೇಲೆ ಚಲನಚಿತ್ರ ವಾಣಿಜ್ಯ ಮಂಡಳಿಯ ಮೆಟ್ಟಿಲೇರುತ್ತವೆ.

ತೆರಿಗೆಯ ಕೆಲಸ ಸರಳ: ಸಂಭಾವನೆಯ ಮೇಲೆ ಶೇ 18 ಜಿಎಸ್‌ಟಿ ಪ್ರತ್ಯೇಕವೆಂದು ಬರೆಯಿರಿ, ಮೂಲ ಮೊತ್ತದಲ್ಲಿ ಶೇ 10 ಟಿಡಿಎಸ್ (ನಟನ ಪರವಾಗಿ ಮೊದಲೇ ಹಿಡಿಯುವ ಆದಾಯ ತೆರಿಗೆ) ಕಡಿತ ಮಾಡಿ ಕಟ್ಟಿರಿ, ನಗದು ಕೊಡಬೇಡಿ.

ಕೊನೆಯದು ಕಂತುಗಳು. ಸಹಿಯಾದಾಗ ಶೇ 10ಕ್ಕಿಂತ ಹೆಚ್ಚು ಕೊಡಬೇಡಿ. ಉಳಿದದ್ದನ್ನು ತಿಂಗಳುಗಳಿಗೆ ಕಟ್ಟದೆ ಕೆಲಸಕ್ಕೆ ಕಟ್ಟಿರಿ: ಪ್ರತಿ ಹಂತದ ಚಿತ್ರೀಕರಣ ಆರಂಭವಾದಾಗ ಒಂದೊಂದು ಕಂತು, ಡಬ್ಬಿಂಗ್ ಮುಗಿದ ದಿನ ಒಂದು, ಪ್ರಚಾರಕ್ಕೆ ಒಪ್ಪಿದ ದಿನಗಳು ಮುಗಿದ ಮೇಲೆ ಒಂದು. ಪೂರ್ತಿ ಬಾಕಿಯನ್ನು ಡಬ್ಬಿಂಗ್‌ಗೆ ಮೊದಲೇ ತೀರಿಸಬೇಕೆಂಬ ಷರತ್ತಿಗೆ ಒಪ್ಪಬೇಡಿ. ಆ ಹೊತ್ತಿಗೆ ಬಿಡುಗಡೆಯ ದಿನ ಪ್ರಕಟವಾಗಿರುತ್ತದೆ, ಬಡ್ಡಿ ಏರುತ್ತಿರುತ್ತದೆ, ಮಾತಾಡಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಡಬ್ಬಿಂಗ್ ಕಂತಿನ ಹಣವನ್ನು ವಕೀಲರ ಬಳಿ ಠೇವಣಿ ಇಟ್ಟು, ಧ್ವನಿಮುದ್ರಣ ಮುಗಿದ ಸಂಜೆಯೇ ಬಿಡುಗಡೆ ಮಾಡುವ ವ್ಯವಸ್ಥೆಗೆ ಹೆಚ್ಚಿನ ನಟರು ಒಪ್ಪುತ್ತಾರೆ, ಏಕೆಂದರೆ ಬಾಕಿ ಮುಳುಗುವ ಭಯ ಅವರಿಗೂ ಇರುತ್ತದೆ.