ಮುಳ್ಳು ಬಲಗಡೆ ಕೊನೆಗೆ

ನಮ್ಮದು ಶಿಡ್ಲಘಟ್ಟ ಕಡೆಯ ಪುಟ್ಟ ಸಮುದಾಯ ರೇಡಿಯೊ. 50 ವ್ಯಾಟ್ ಟ್ರಾನ್ಸ್‌ಮಿಟರ್, 30 ಮೀಟರ್ ಕಂಬ. ಸುತ್ತ ಹತ್ತು ಕಿಲೋಮೀಟರ್ ಕೇಳಿಸಿದರೆ ನಮ್ಮ ಪುಣ್ಯ. ಮೊದಲು ಎಫ್‌ಎಂ 90.4 ಮೆಗಾಹರ್ಟ್ಸ್‌ನಲ್ಲಿದ್ದೆವು. ದೇಶದಲ್ಲಿ ಎಷ್ಟೋ ಸಮುದಾಯ ರೇಡಿಯೊಗಳಿಗೆ ಇದೇ ನಂಬರ್. ದೂರ ದೂರ ಇದ್ದರೆ ತೊಂದರೆಯಿಲ್ಲ. ಆದರೆ ನಮ್ಮ ಅಂಚಿನ ಹಳ್ಳಿಗಳಲ್ಲಿ ಇನ್ನೊಂದು ಸ್ಟೇಷನ್ ನುಗ್ಗುತ್ತಿತ್ತು. ಎಫ್‌ಎಂನಲ್ಲಿ ಜೋರಾಗಿರುವ ಸಿಗ್ನಲ್ ಇನ್ನೊಂದನ್ನು ನುಂಗಿಬಿಡುತ್ತದೆ. ಚಳಿಗಾಲದ ಬೆಳಗಿನ ಜಾವವಂತೂ ನಮ್ಮ ಹಿಪ್ಪುನೇರಳೆ ಸೊಪ್ಪಿನ ರೋಗದ ಮಾತಿನ ನಡುವೆ ಯಾರದೋ ಸಿನಿಮಾ ಹಾಡು! ದೆಹಲಿಗೆ ಬರೆದೆವು, ಕಾದೆವು. ಕೊನೆಗೆ 107.8 ಸಿಕ್ಕಿತು.

ಟ್ರಾನ್ಸ್‌ಮಿಟರ್‌ನಲ್ಲಿ ನಂಬರ್ ಬದಲಿಸಲು ಎರಡು ನಿಮಿಷ ಸಾಕು. ನಿಜವಾದ ಕೆಲಸ ಇರುವುದು ಆಂಟೆನಾದಲ್ಲಿ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಅಲೆಯ ಉದ್ದ ಮೀಟರ್‌ನಲ್ಲಿ ಬರುತ್ತದೆ. 90.4ಕ್ಕೆ 3.32, 107.8ಕ್ಕೆ 2.78. ಆಂಟೆನಾಗೆ ಅದರ ಅರ್ಧ ಬೇಕು. ಅಂದರೆ ಕಡ್ಡಿಯ ಎರಡೂ ತುದಿಯಲ್ಲಿ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಹೋಗಬೇಕು. ಹಾಗೇ ಬಿಟ್ಟರೆ ಪವರ್ ಗಾಳಿಗೆ ಹೋಗದೆ ವಾಪಸ್ ಟ್ರಾನ್ಸ್‌ಮಿಟರ್‌ಗೇ ಬರುತ್ತದೆ, ಅದು ಬಿಸಿಯಾಗಿ ಆಫ್ ಆಗುತ್ತದೆ. ಆಂಟೆನಾ ಕೆಳಗಿಳಿಸಿ ಹ್ಯಾಕ್ಸಾ ಬ್ಲೇಡ್ ಹಿಡಿದೆವು. ಒಂದೇ ಸಲಕ್ಕೆ ಲೆಕ್ಕದಷ್ಟು ಕತ್ತರಿಸಲಿಲ್ಲ. ಕತ್ತರಿಸಿದ್ದನ್ನು ಅಂಟಿಸಕ್ಕಾಗಲ್ಲ ಅಲ್ವಾ? ಮತ್ತೆ ಮೇಲಕ್ಕೇರಿಸಿ, ಕಮ್ಮಿ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತಿದೆ ಅಂತ ಮೀಟರ್ ನೋಡಿ, ಇಳಿಸಿ, ಅರದಲ್ಲಿ ಉಜ್ಜಿ, ಹೀಗೆ ಮೂರು ಸಲ ಆಯಿತು. ಕಂಬ ಹತ್ತುವ ಹುಡುಗ ನನ್ನನ್ನು ಎಷ್ಟು ಬೈದುಕೊಂಡನೋ. 108ರ ಆಚೆಗೆ ವಿಮಾನಗಳಿಗೆ ದಾರಿ ತೋರಿಸುವ ಸಿಗ್ನಲ್‌ಗಳಿರುವುದರಿಂದ, ನಮ್ಮದು ಅತ್ತ ನುಗ್ಗದಂತೆ ತಡೆಯುವ ಫಿಲ್ಟರ್ ಕೂಡ ಹೊಸ ನಂಬರ್‌ಗೆ ಟ್ಯೂನ್ ಮಾಡಿಸಿದೆವು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಹದಿನೈದು ದಿನ ಮೊದಲಿಂದ ಹಳೇ ನಂಬರ್‌ನಲ್ಲೇ "ನೂರಾ ಏಳು ಪಾಯಿಂಟ್ ಎಂಟು" ಅಂತ ಹೇಳಿ ಹೇಳಿ ಸುಸ್ತಾಗಿದ್ದೆವು. ಬದಲಾದ ಮೂರನೇ ದಿನ ರೇಷ್ಮೆ ಸಾಕುವ ಅಕ್ಕ ಒಬ್ಬರು ಫೋನ್ ಮಾಡಿದರು.

"ಏನಣ್ಣಾ, ಮುಚ್ಚಿಬಿಟ್ರಾ?"

ಸಂಜೆ ಅವರ ಹುಳು ಮನೆಗೆ ಹೋದೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿತ್ತು, ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ. ಮೊಳೆಗೆ ರೇಡಿಯೊ ನೇತು ಹಾಕಿದ್ದರು. ಡಯಲ್‌ನ ಗಾಜಿನ ಮೇಲೆ, 90ರ ಪಕ್ಕ, ಒಂದು ಕೆಂಪು ಸ್ಟಿಕ್ಕರ್ ಬೊಟ್ಟು. ಮುಳ್ಳು ಅದರ ಕೆಳಗೆ ಬಂದರೆ ನಮ್ಮ ಸ್ಟೇಷನ್. ನಂಬರ್ ಅವರಿಗೆ ಯಾವತ್ತೂ ಬೇಕಾಗಿರಲೇ ಇಲ್ಲ. ನಾವು ಸುಮ್ನೆ ಪಾಯಿಂಟ್ ಎಂಟು, ಪಾಯಿಂಟ್ ಎಂಟು ಅಂತ ಬಾಯಿ ಬಡಿದುಕೊಂಡಿದ್ದೆವು.

ಮಾರನೇ ದಿನವೇ ಪ್ರಕಟಣೆ ಬದಲಿಸಿದೆ. ಆದರೆ ಹೊಸ ನಂಬರ್‌ನಲ್ಲಿ ಕೂಗಿದರೆ ಸಿಕ್ಕವರಿಗಷ್ಟೇ ಕೇಳಿಸುತ್ತದೆ. ಹಳೇ ನಂಬರ್‌ಗೆ ಮತ್ತೆ ಹೋಗುವ ಹಾಗಿಲ್ಲ. ಅದಕ್ಕೆ ರೇಷ್ಮೆ ಗೂಡಿನ ಮಾರುಕಟ್ಟೆ, ಡೇರಿ, ಶಾಲೆಗಳಿಗೆ ನಾವೇ ಓಡಾಡಿ ಹೇಳಿದೆವು: "ಮುಳ್ಳನ್ನು ಬಲಗಡೆ ಕೊನೆವರೆಗೂ ತಿರುಗಿಸಿ. ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ." ಮೊಬೈಲ್ ಇದ್ದವರಿಗೆ ಇಯರ್‌ಫೋನ್ ಚುಚ್ಚಿ ಸ್ಕ್ಯಾನ್ ಮಾಡಿಕೊಟ್ಟೆವು. ಫೋನಿಗೆ ಆ ವೈರೇ ಆಂಟೆನಾ.

ಆ ಅಕ್ಕನ ರೇಡಿಯೊದಲ್ಲಿ ಸ್ಟೇಷನ್ ಹಿಡಿದುಕೊಟ್ಟ ದಿನವೇ ಅವರು ಒಳಗಿಂದ ಇನ್ನೊಂದು ಬೊಟ್ಟು ತಂದು ಬಲತುದಿಗೆ ಅಂಟಿಸಿದರು. ಹಳೆಯದನ್ನು ಕೀಳಲು ಹೋದೆ, ಬಿಡಲಿಲ್ಲ.

"ಇರಲಿ ಬಿಡಣ್ಣಾ, ನೀವು ಮತ್ತೆ ಈ ಕಡೆ ಬಂದ್ರೆ?"