ಮುಂಜಾನೆ ಎಂಟರಿಂದ ಒಂಬತ್ತೂವರೆ: ಒಂದರಿಂದ ಮೂರನೇ ತರಗತಿ ಮಕ್ಕಳು ಹೊತ್ತಿಗೆ ಬರತೊಡಗಿದ್ದು ಹೇಗೆ

ಮಕ್ಕಳ ಶಾಲೆ ಚೀಲ ತೂಗುಹಾಕಲು ಮನೆಮನೆಗೆ ಹೋಗಿ ಗೋಡೆಗೆ ಗೂಟ ಹೊಡೆಯುವುದು ಶಿಕ್ಷಕರ ಕೆಲಸವಲ್ಲ ಎಂದವರೇ ಈಗ ಗೂಟದ ಅಳತೆ ಕೇಳುತ್ತಿದ್ದಾರೆ. ಫೋನಿನಲ್ಲಿ ಎಷ್ಟು ಸಲ ಹೇಳುವುದು ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮದು ಕುಷ್ಟಗಿ ಸೀಮೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ನಲಿಕಲಿ ಕೊಠಡಿ ಒಂದೇ, ಮೂರೂ ತರಗತಿ ಸೇರಿ 38 ಮಕ್ಕಳು, ಒಂದನೇದರಲ್ಲಿ 13. ಪ್ರಾರ್ಥನೆ 9:45ಕ್ಕೆ. ಎರಡು ವರ್ಷದ ಹಿಂದೆ ಆ ಹೊತ್ತಿಗೆ ಸಾಲಿನಲ್ಲಿ ನಿಂತಿರುತ್ತಿದ್ದವರು ಇಪ್ಪತ್ತರ ಆಸುಪಾಸು. ಈ ಶಾಲಾ ವರ್ಷ ಜುಲೈಯಿಂದೀಚೆಗೆ ಮೂವತ್ಮೂರಕ್ಕಿಂತ ಕೆಳಗಿಳಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ನೆನಪಿನ ಮೇಲೆ ಹೇಳುತ್ತಿರುವ ಲೆಕ್ಕ, ಒಂದೆರಡು ಆಚೀಚೆ ಇದ್ದೀತು.

ನಲಿಕಲಿ ಮಾಡುವವರಿಗೆ ತಡವಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹತ್ತೂವರೆಗೆ ಬಂದ ಮಗುವಿಗೆ ಬೆಳಿಗ್ಗೆ ಎಲ್ಲರೂ ಸೇರಿ ಹವಾಮಾನ ನಕ್ಷೆ ತುಂಬುವುದು ಮುಗಿದಿರುತ್ತದೆ, ಹಾಲು ಮುಗಿದಿರುತ್ತದೆ, ತಾನು ಯಾವ ತಟ್ಟೆಗೆ, ಅಂದರೆ ಯಾವ ಗುಂಪಿಗೆ, ಕೂರಬೇಕೆಂಬುದು ಗೊತ್ತಿರುವುದಿಲ್ಲ. ಅದನ್ನು ಕೂರಿಸಲು ನಾವು ಎದ್ದರೆ ನಮ್ಮೊಡನೆ ಕೂತು ಕಲಿಯುತ್ತಿರುವ ಶಿಕ್ಷಕರ ಬೆಂಬಲಿತ ಗುಂಪು ಒಡೆಯುತ್ತದೆ. ದಿನಕ್ಕೆ ಹತ್ತು ಮಕ್ಕಳು ಹೀಗೆ ಬಂದರೆ ಮಧ್ಯಾಹ್ನದ ಊಟದವರೆಗೆ ಕಲಿಕೆಯ ಏಣಿಯಲ್ಲಿ ಯಾರೂ ಒಂದು ಮೆಟ್ಟಿಲು ಏರುವುದಿಲ್ಲ.

ಮೊದಲು ಕೈಕೊಟ್ಟ ಉಪಾಯಗಳು. ಅಚ್ಚು ಹಾಕಿಸಿದ ಸೂಚನಾ ಪತ್ರ: ಹತ್ತು ನಿಯಮ, ಜೆರಾಕ್ಸಿಗೆ ಎಂಬತ್ತು ರೂಪಾಯಿ. ಮರುವಾರ ಅದರಲ್ಲಿ ಶೇಂಗಾ ಕಟ್ಟಿಕೊಂಡು ಬಂದ ಮಕ್ಕಳಿದ್ದರು. ವಾಟ್ಸಾಪ್ ಗುಂಪು: 38 ಮನೆಗಳಲ್ಲಿ ದೊಡ್ಡ ಫೋನ್ ಇದ್ದದ್ದು ಇಪ್ಪತ್ತೆರಡರಲ್ಲಿ. ಆ ಫೋನಾದರೂ ಅಪ್ಪನ ಕಿಸೆಯಲ್ಲಿ, ಅಪ್ಪ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ. ಹೊತ್ತಿಗೆ ಬಂದವರಿಗೆ ಪೆನ್ಸಿಲ್ ಬಹುಮಾನ: ತಿಂಗಳಿಗೆ ಇನ್ನೂರು ರೂಪಾಯಿ ಹೋಯಿತು, ಗೆದ್ದವರು ಮೊದಲೂ ಹೊತ್ತಿಗೆ ಬರುತ್ತಿದ್ದ ಅದೇ ಮಕ್ಕಳು. ಶನಿವಾರ ಹನ್ನೊಂದಕ್ಕೆ ಪಾಲಕರ ಸಭೆ: ಬಂದವರು ಆರು ಜನ, ಅದರಲ್ಲಿ ನಾಲ್ವರು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು. ಕಳೆ ತೆಗೆಯುವ ಸುಗ್ಗಿಯಲ್ಲಿ ಹೆಣ್ಣಾಳಿನ ಕೂಲಿ ನಮ್ಮಲ್ಲಿ ಮುನ್ನೂರರ ಮೇಲಿದೆ. ಹನ್ನೊಂದಕ್ಕೆ ಸಭೆ ಕರೆದರೆ ಆ ತಾಯಿ ಮುನ್ನೂರು ರೂಪಾಯಿ ಬಿಟ್ಟು ಬರಬೇಕು. ಅದನ್ನು ಕೇಳುವ ಹಕ್ಕು ನಮಗಿಲ್ಲ.

ತಪ್ಪು ಎಲ್ಲಿತ್ತೆಂದರೆ, ಈ ಎಲ್ಲದರಲ್ಲೂ ನಾವು ಮಾತಾಡುತ್ತಿದ್ದದ್ದು ತಾಯಿಯೊಂದಿಗೆ. ಕೂಲಿಯವರನ್ನು ಒಯ್ಯುವ ಟಂಟಂ ಊರ ಅಗಸಿಯಿಂದ ಎಂಟಕ್ಕೆ ಬಿಡುತ್ತದೆ. ಎಂಟರಿಂದ ಒಂಬತ್ತೂವರೆವರೆಗೆ, ಮಗು ಹೊರಡಬೇಕಾದ ಆ ಒಂದೂವರೆ ತಾಸು, ತಾಯಿ ಮನೆಯಲ್ಲೇ ಇಲ್ಲ. "ಮಗುವನ್ನು ಒಂಬತ್ತೂವರೆಗೆ ಕಳಿಸಿ" ಎಂದು ಹೊಲದಲ್ಲಿರುವವಳಿಗೆ ಹೇಳಿದರೆ ಆಕೆ ಏನು ಮಾಡಿಯಾಳು?

ಹಾಗಾಗಿ ನನ್ನ ಸ್ವಂತ ವಹಿಯಲ್ಲಿ ಪಾಲಕರ ಹೆಸರಿನ ಪಕ್ಕ ಹೊಸ ಕಾಲಂ ಎಳೆದೆ: ಎಂಟರಿಂದ ಒಂಬತ್ತೂವರೆ ಮನೆಯಲ್ಲಿ ಯಾರು? ಜೂನ್ ಮೊದಲ ವಾರ ಸಂಜೆ ಏಳರ ಮೇಲೆ ಓಣಿ ಸುತ್ತಿ ತುಂಬಿದೆ, ಐದು ಸಂಜೆ ಹಿಡಿಯಿತು. ಅಜ್ಜಿ ಎಂದು ಹದಿನಾಲ್ಕು, ಐದನೇ ತರಗತಿ ಓದುವ ಅಕ್ಕ ಅಥವಾ ಅಣ್ಣ ಎಂದು ಹನ್ನೊಂದು, ತಾಯಿಯೇ ಇರುವುದು ಏಳೆಂಟು, ಯಾರೂ ಇಲ್ಲ ಎಂಬುದು ಐದಾರು. ಈ ಒಂದು ಕಾಲಂ ಉಳಿದ ಕೆಲಸವನ್ನೆಲ್ಲ ತೀರ್ಮಾನಿಸಿತು. ತಾಯಿಯಿಂದ ಬಯಸಬೇಕಾದ್ದು ಹಿಂದಿನ ರಾತ್ರಿಯದು ಮತ್ತು ಎಂಟರೊಳಗಿನದು ಮಾತ್ರ. ಎಂಟರ ಮೇಲಿನದು ಮಗುವಿನದು ಮತ್ತು ಆ ಕಾಲಂನಲ್ಲಿ ಇರುವವರದು.

ರಾತ್ರಿ ಊಟವಾದ ಮೇಲೆ ಚೀಲ ತುಂಬಿ ಗೂಟಕ್ಕೆ ಹಾಕುವುದು, ರಾತ್ರಿಯ ಮಟ್ಟಿಗೆ ಇಷ್ಟೇ ತಾಯಿಗೆ ಹೇಳಿದ್ದು. ಚೀಲದಲ್ಲಿ ಪಾಟಿ, ಎರಡು ಬಳಪ, ಒರೆಸಲು ಅರಿವಿ ತುಂಡು, ಒಂದನೇದವರಿಗೆ ಒಂದು ಒಗೆದ ಚಡ್ಡಿ. ಚಡ್ಡಿ ಬೇಡವೆನ್ನಬೇಡಿ, ಜೂನ್, ಜುಲೈ ಎರಡು ತಿಂಗಳು ಅದು ಬೇಕೇ ಬೇಕು, ಒದ್ದೆಯಾಗಿ ನಾಚಿಕೊಂಡ ಮಗು ಮರುದಿನ ಬರುವುದಿಲ್ಲ. ಕಾರ್ಡು, ಅಭ್ಯಾಸ ಪುಸ್ತಕ ಎಲ್ಲ ಶಾಲೆಯಲ್ಲೇ ಇರುತ್ತವೆ. ಒಂದು, ಎರಡನೇ ತರಗತಿಯ ಚೀಲ ಎರಡು ಕೆಜಿ ಮೀರಬಾರದೆಂದು 2019ರಲ್ಲೇ ಸುತ್ತೋಲೆ ಬಂದಿದೆ, ನಮ್ಮ ಚೀಲ ಒಂದು ಕೆಜಿ ತೂಗುವುದಿಲ್ಲ.

ಇನ್ನು ಗೂಟ. ಚೀಲ ನೆಲದಲ್ಲಿದ್ದರೆ ಆಡು ತಿನ್ನುತ್ತದೆ, ಇಲ್ಲವೇ ಹಾಸಿಗೆ ಸುರುಳಿಯೊಳಗೆ ಸೇರಿ ಮುಂಜಾನೆ ಸಿಗುವುದಿಲ್ಲ. ಎತ್ತರದ ಮೊಳೆಗೆ ಹಾಕಿದರೆ ಮಗುವಿನ ಕೈಗೆ ಎಟುಕುವುದಿಲ್ಲ, ಎಟುಕದ ಚೀಲ ಇಲ್ಲದಂತೆಯೇ. ಮೊದಲು ಎರಡೂವರೆ ಇಂಚಿನ ಮೊಳೆ ತಂದು ಹೊಡೆದೆ. ನಮ್ಮ ಕಡೆಯ ಮನೆಗಳು ಕಲ್ಲು ಮಣ್ಣಿನವು, ಮೊಳೆ ಕಲ್ಲಿಗೆ ಇಳಿಯುವುದಿಲ್ಲ, ಸಂದಿನ ಮಣ್ಣಿಗೆ ಇಳಿದರೆ ನಿಲ್ಲುವುದಿಲ್ಲ. ಮಕ್ಕಳು ಚೀಲವನ್ನು ಎತ್ತಿ ತೆಗೆಯುವುದಿಲ್ಲ, ಜಗ್ಗುತ್ತಾರೆ. ಹತ್ತು ದಿನದೊಳಗೆ ಅರ್ಧಕ್ಕರ್ಧ ಮೊಳೆ ನೆಲಕ್ಕೆ ಬಿದ್ದಿದ್ದವು. ಆಮೇಲೆ ಜಾಲಿ ಗೂಟ ಮಾಡಿಸಿದೆ. ಅದರಲ್ಲೂ ಮೊದಲ ಕಂತು ಹಾಳಾಯಿತು, ಯಾಕೆಂದರೆ ಹಸಿ ಕಟ್ಟಿಗೆ. ಹೊಡೆದಾಗ ಬಿಗಿಯಾಗಿ ಕೂರುತ್ತದೆ, ತಿಂಗಳೊಳಗೆ ಒಣಗಿ ಸಣ್ಣಗಾಗಿ ಸಂದಿನಿಂದ ಜಾರಿ ಬರುತ್ತದೆ. ಕನಿಷ್ಠ ಒಂದು ಬೇಸಿಗೆ ಕಂಡ ಕಟ್ಟಿಗೆ ಬೇಕು. ಬಡಿಗೇರರಿಗೆ ಗೂಟಕ್ಕೆ ಐದು ರೂಪಾಯಿಯಂತೆ ಕೊಟ್ಟೆ.

ಅಳತೆ ಹೀಗೆ. ಉದ್ದ ಏಳು ಇಂಚು, ನಾಲ್ಕು ಗೋಡೆಯೊಳಗೆ, ಮೂರು ಹೊರಗೆ. ದಪ್ಪ ದೊಡ್ಡವರ ಹೆಬ್ಬೆರಳಿನಷ್ಟು, ಒಳತುದಿ ಸಣ್ಣಗೆ ಕೆತ್ತಿರಬೇಕು. ಸಂದಿನ ಮಣ್ಣನ್ನು ಸಲಾಕೆಯಿಂದ ಮೂರು ಇಂಚು ಕೆದರಿ, ನೀರು ಚಿಮುಕಿಸಿ, ಹೊರತುದಿ ತುಸು ಮೇಲೆ ನೋಡುವಂತೆ ಹೊಡೆಯಬೇಕು. ಸಮಕ್ಕೆ ಹೊಡೆದರೆ ಚೀಲ ಜಾರುತ್ತದೆ. ಎತ್ತರ ಮಗುವಿನ ಹೆಗಲಿನ ಮಟ್ಟ. ಆ ಎತ್ತರದಲ್ಲಿ ಚೂಪು ಗೂಟ ಇದ್ದರೆ ಓಡಾಡುವ ಚಿಕ್ಕ ಮಕ್ಕಳ ಕಣ್ಣಿಗೆ ಅಪಾಯ, ಆದ್ದರಿಂದ ಹೊರತುದಿ ಉಜ್ಜಿ ಗುಂಡಗೆ ಮಾಡಿಸಬೇಕು, ಜಾಗ ಬಾಗಿಲ ಹಿಂದಿನ ಮೂಲೆಯೇ ಆಗಬೇಕು. ತಗಡಿನ ಮನೆಗಳಲ್ಲಿ ಗೋಡೆ ಮುಟ್ಟದೆ ಅಡ್ಡಗಂಬಕ್ಕೆ ಹಗ್ಗ ಇಳಿಬಿಟ್ಟು ಕೊಕ್ಕೆ ಕಟ್ಟಿದೆ, ಅದೂ ನಡೆಯುತ್ತದೆ. ಒಪ್ಪಿಸಲು ಹೆಚ್ಚು ಮಾತು ಬೇಕಾಗಲಿಲ್ಲ. "ಎತ್ತಿಗೆ ಐತಿ, ಕರುವಿಗೆ ಐತಿ, ಈ ಹುಡುಗಗ ಒಂದು ಗೂಟ ಇರ್ಲಿಲ್ಲ ನೋಡ್ರಿ ಅಕ್ಕಾರ" ಎಂದು ಒಬ್ಬ ಅಜ್ಜಿ ಅಂದ ಮಾತನ್ನೇ ಮುಂದಿನ ಮನೆಗಳಲ್ಲಿ ಹೇಳುತ್ತ ಹೋದೆ.

ಗೂಟದ ಮೇಲೆ ಮಗುವಿಗೆ ಕಾಣುವಂತೆ, ಹೊರಡುವ ಮುಂಚಿನ ಕೆಲಸಗಳನ್ನು ನೆನಪಿಸುವ ಚಿತ್ರ. ಮೊದಲು ಬಣ್ಣದ ಪ್ರಿಂಟು ತೆಗೆಸಿ ಲ್ಯಾಮಿನೇಷನ್ ಮಾಡಿಸಿದ್ದೆ, ಒಂದಕ್ಕೆ ಮೂವತ್ತರಂತೆ ಸಾವಿರದ ನೂರರ ಮೇಲೆ ಖರ್ಚು. ಒಲೆಯ ಹೊಗೆ ಕೂತು ಎರಡು ತಿಂಗಳಲ್ಲಿ ಕಪ್ಪಾದವು, ಟೇಪು ಮಣ್ಣಿನ ಗೋಡೆಗೆ ಹಿಡಿಯಲೇ ಇಲ್ಲ. ಆ ದುಡ್ಡು ನೀರಿಗೆ ಹಾಕಿದ ಹಾಗೆ. ನಂತರ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಚ್ಚು ಕತ್ತರಿಸಿ ನೇರ ಗೋಡೆಗೇ ಪೇಂಟ್ ಒತ್ತಿದೆ. ನೂರು ಎಂಎಲ್ ಎನಾಮೆಲ್ ಡಬ್ಬಿ ಒಂದರಲ್ಲಿ ಮೂವತ್ತೆಂಟು ಮನೆ ಮುಗಿದು ಇನ್ನೂ ಉಳಿದಿದೆ. ಬ್ರಷ್ ಬೇಡ, ಅಚ್ಚಿನ ಅಡಿಗೆ ಪೇಂಟ್ ಹರಿಯುತ್ತದೆ. ಸ್ಪಂಜಿನ ತುಂಡನ್ನು ಅದ್ದಿ, ಹಿಂಡಿ, ಒತ್ತಬೇಕು. ಅಚ್ಚು ಕತ್ತರಿಸುವಾಗ ಒಳಗಿನ ತುಂಡು ಕಳಚಿ ಬೀಳದಂತೆ ಬೆಂಕಿಕಡ್ಡಿಯಗಲದ ಕೊಂಡಿಗಳನ್ನು ಬಿಡಿ. ಸುಣ್ಣದ ಗೋಡೆಯಾದರೆ ಮೊದಲು ತೆಂಗಿನ ನಾರಿನಿಂದ ಸುಣ್ಣ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಹಕ್ಕಳೆಯೊಂದಿಗೆ ಚಿತ್ರವೂ ಉದುರುತ್ತದೆ. ಮಣ್ಣಿನ ಗೋಡೆಗೆ ಒಂದು ಪಾಲು ಫೆವಿಕಾಲ್, ನಾಲ್ಕು ಪಾಲು ನೀರು ಬಳಿದು ಒಂದು ದಿನ ಒಣಗಲು ಬಿಡಬೇಕು.

ಚಿತ್ರ ಆರು ಇಟ್ಟಿದ್ದೆ, ಮಕ್ಕಳಿಗೆ ಗೊಂದಲವಾಯಿತು. ಈಗ ನಾಲ್ಕೇ, ಮೇಲಿಂದ ಕೆಳಕ್ಕೆ: ತಂಬಿಗೆ, ರೊಟ್ಟಿ, ನೀರಿನ ಬಾಟಲಿ, ಕೈ ಹಿಡಿದ ಇಬ್ಬರು ಮಕ್ಕಳು. ಇದರಲ್ಲಿ ರೊಟ್ಟಿ ಎಲ್ಲಕ್ಕಿಂತ ಮುಖ್ಯ. ತಾಯಿ ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟು ಹೋಗುತ್ತಾಳೆ, ಮಗು ತಾನಾಗಿ ಬಿಚ್ಚಿ ಪಲ್ಯ ಹಚ್ಚಿಕೊಂಡು ತಿನ್ನುವುದಿಲ್ಲ. ಶಾಲೆಯ ಹಾಲು ನೂರೈವತ್ತು ಎಂಎಲ್, ಹದಿನೆಂಟು ಗ್ರಾಂ ಪುಡಿಯದು; ಬರಿ ಹೊಟ್ಟೆಯಲ್ಲಿ ಬಂದ ಮಗುವಿಗೆ ಅದು ಒಂದು ತಾಸು ತಡೆಯುತ್ತದೆ, ಹನ್ನೊಂದೂವರೆಗೆ ಗುಂಪಿನ ತಟ್ಟೆಯ ಮುಂದೆಯೇ ತೂಕಡಿಕೆ. ಶೇಂಗಾ ಚಟ್ನಿ, ಎಣ್ಣೆ ಹಚ್ಚಿ ಒಂದು ರೊಟ್ಟಿಯನ್ನು ಸುರುಳಿ ಸುತ್ತಿ ಮಗುವಿನದೇ ಡಬ್ಬಿಯಲ್ಲಿ ಗೂಟದ ಕೆಳಗೆ ಇಟ್ಟು ಹೋಗಿ ಎಂದೆ. ತಾಯಿಗೆ ಅರ್ಧ ನಿಮಿಷದ ಕೆಲಸ. ಸುರುಳಿ ಮಾಡಿದ್ದನ್ನು ಮಕ್ಕಳು ನಿಂತಲ್ಲೇ ತಿನ್ನುತ್ತಾರೆ. ಒಣಗಿ ಗಟ್ಟಿಯಾದ ಕಟಿ ರೊಟ್ಟಿ ಸುತ್ತಲು ಬರುವುದಿಲ್ಲ, ಬಿಸಿಯಿದ್ದಾಗಲೇ ಸುತ್ತಬೇಕು.

ನಾಲ್ಕನೇ ಚಿತ್ರ ಜೋಡಿಯದು. ಮನೆಯಲ್ಲಿ ಯಾರೂ ಇಲ್ಲದ ಮಗುವನ್ನು ಜೋಡಿಯ ಮಗು ಬಂದು ಕರೆಯುತ್ತದೆ. ಹತ್ತಿರದ ಮನೆಯವರನ್ನು ಜೋಡಿ ಮಾಡಿದರೆ ಸಾಕೆಂದುಕೊಂಡಿದ್ದೆ. ಸಾಲದು. ಇಬ್ಬರೂ ಆಟಕ್ಕೆ ಬಿದ್ದು ಒಟ್ಟಿಗೇ ತಡವಾಗಿ ಬರುತ್ತಿದ್ದರು. ಯಾರ ಜೊತೆ ಯಾರು ಎಂದು ಆರಿಸುವುದಕ್ಕೆ ನನ್ನದೊಂದು ಲೆಕ್ಕವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕೊಠಡಿಗೆ ಬಂದು ಅರ್ಧ ದಿನ ಕೂತವರಿಗೆ ತಾನೇ ತಿಳಿಯುತ್ತದೆ. ಮೊದಲ ವಾರ ಅಳುವ ಮಕ್ಕಳಿಗೆ ಏನು ಮಾಡುತ್ತೇನೆ ಎಂಬುದೂ ಹಾಗೆಯೇ.

ಉಗುರು ತೆಗೆಯುವುದು ಬುಧವಾರ. ಸೋಮವಾರ ನೋಡುತ್ತಿದ್ದಾಗ ಯಾರದೂ ತೆಗೆದಿರುತ್ತಿರಲಿಲ್ಲ. ನಮ್ಮಲ್ಲಿ ಸೋಮವಾರ, ಮಂಗಳವಾರ, ಶುಕ್ರವಾರ, ಅಮಾವಾಸ್ಯೆಗೆ ಉಗುರು ತೆಗೆಯುವುದಿಲ್ಲ, ಭಾನುವಾರ ತಲೆಸ್ನಾನ, ಬಟ್ಟೆ ಒಗೆತದ ಗಡಿಬಿಡಿ. ಮಂಗಳವಾರ ರಾತ್ರಿ ಎಂಟಕ್ಕೆ ಧ್ವನಿ ಸಂದೇಶ ಕಳಿಸುತ್ತೇನೆ, ಮೂವತ್ತು ಸೆಕೆಂಡು ದಾಟಬಾರದು: "ಯವ್ವಾ, ನಾಳೆ ಬುಧವಾರ ಐತ್ರಿ, ಮುಂಜಾನೆದ್ದು ಹುಡುಗರ ಉಗುರು ತೆಗೀರಿ." ಅಕ್ಷರದಲ್ಲಿ ಬರೆದದ್ದು ಓದದ ಮನೆಗಳಲ್ಲೂ ಇದು ಮುಟ್ಟುತ್ತದೆ. ಫೋನಿಲ್ಲದವರಿಗೆ ಪಕ್ಕದ ಮನೆಯವರು ಕೇಳಿಸುತ್ತಾರೆ.

ಹುಣ್ಣಿಮೆ, ಮಂಗಳವಾರ, ಶುಕ್ರವಾರಗಳಂದು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುವ ಮನೆಗಳು ಇದ್ದೇ ಇರುತ್ತವೆ. ಹೋಗಬೇಡಿ ಎಂದು ನಾನು ಎಂದೂ ಹೇಳಿಲ್ಲ. ಹಿಂದಿನ ದಿನ ಮಗು ತನ್ನ ಹೆಸರಿನ ಬಿಲ್ಲೆಯನ್ನು ಹಾಜರಿ ಚಾರ್ಟಿನಲ್ಲಿ 'ಊರಿಗೆ' ಎಂಬ ಚೀಲಕ್ಕೆ ಹಾಕಿ ಹೋಗಬೇಕು, ಅಷ್ಟೇ. ಜೋಡಿಯ ಮಗು ಸುಮ್ಮನೆ ಕಾಯುವುದು ತಪ್ಪುತ್ತದೆ. ಹೇಳಿ ಹೋದವರು ಮರುದಿನ ಬರುತ್ತಾರೆ. ಹೇಳದೆ ಹೋದವರು ಬೈಗುಳಕ್ಕೆ ಅಂಜಿ ಇನ್ನೆರಡು ದಿನ ತಪ್ಪಿಸುತ್ತಾರೆ.

"ಹೋಂವರ್ಕ್ ಯಾಕ ಕೊಡಂಗಿಲ್ರಿ?" ಎಂಬ ಪ್ರಶ್ನೆ ಬರುತ್ತಲೇ ಇರುತ್ತದೆ, ಖಾಸಗಿ ಶಾಲೆಗೆ ಹೋಗುವ ಪಕ್ಕದ ಮನೆಯ ಮಗು ರಾತ್ರಿ ಬರೆಯುತ್ತ ಕೂರುವುದನ್ನು ನೋಡಿರುತ್ತಾರೆ. ಒಂದು, ಎರಡನೇ ತರಗತಿಗೆ ಕೊಡುವಂತಿಲ್ಲ, ಕೊಡಬಾರದು ಕೂಡ. ಬದಲಿಗೆ ದಿನಕ್ಕೊಂದು ಪ್ರಶ್ನೆ ಕಳಿಸಿ ನೋಡಿದೆ: ನಿಮ್ಮವ್ವ ಇವತ್ತು ಎಷ್ಟು ರೊಟ್ಟಿ ಬಡಿದಳು? ಉತ್ತರವನ್ನು ಬೆಳಿಗ್ಗೆ ನೆಲಮಟ್ಟದ ಹಲಗೆಯಲ್ಲಿ ಗೆರೆ ಎಳೆದು ತೋರಿಸುವುದು. ಇಪ್ಪತ್ತರೊಳಗಿನ ಎಣಿಕೆ ಆ ತಿಂಗಳು ಎಷ್ಟು ಬೇಗ ಬಂತೆಂದರೆ ನನಗೇ ಅಚ್ಚರಿ. ಆದರೆ ಒಬ್ಬ ಹುಡುಗ ಮೂರು ದಿನ ಸತತ "ಎರಡು" ಎಂದ. ಮನೆಯಲ್ಲಿ ಹಿಟ್ಟಿರಲಿಲ್ಲ. ಅಂದಿನಿಂದ ರೊಟ್ಟಿ ಎಣಿಸುವುದು ಬಿಟ್ಟೆ. ಈಗ ಓಣಿಯಲ್ಲಿ ಎಷ್ಟು ಬೇವಿನ ಗಿಡ, ಮನೆಗೆ ಎಷ್ಟು ಮೆಟ್ಟಿಲು ಎಂದು ಕೇಳುತ್ತೇನೆ. ಮನೆಯ ಕೊರತೆ ಹಲಗೆಯ ಮೇಲೆ ಬರುವಂಥ ಪ್ರಶ್ನೆ ಯಾರೂ ಕೇಳಬೇಡಿ.

ದೀಪಾವಳಿ ಮುಗಿದ ಮೇಲೆ ಗುಳೆ, ಕೂಲಿ ಅರಸಿ ಮನೆಮಂದಿಯೆಲ್ಲ ಪರವೂರಿಗೆ. ಹಾಗೆ ಹೊರಟ ಐದು ಮಕ್ಕಳ ಕೈಯಲ್ಲಿ ರಟ್ಟಿನ ಚೀಟಿ ಕೊಟ್ಟೆ: ಹೆಸರು, ಕಲಿಕೆಯ ಏಣಿಯಲ್ಲಿ ಯಾವ ಮೈಲಿಗಲ್ಲು ಮುಗಿದಿದೆ, ನನ್ನ ಫೋನ್ ನಂಬರು. ಎರಡು ಕಡೆ ಅಲ್ಲಿನ ಶಿಕ್ಷಕರು ಚೀಟಿ ನೋಡಿ ಫೋನ್ ಮಾಡಿ ಮಗುವನ್ನು ಕೂರಿಸಿಕೊಂಡರು. ಉಳಿದ ಮೂವರ ಸುದ್ದಿ ಅವರು ಊರಿಗೆ ಮರಳಿದಾಗಲೇ ತಿಳಿದದ್ದು. ಇದು ಇನ್ನೂ ಪೂರ್ತಿ ಕೂತಿಲ್ಲ.

ಹಾಳಾದ ಮೊಳೆ, ಲ್ಯಾಮಿನೇಷನ್, ಪೆನ್ಸಿಲ್ ಎಲ್ಲ ಸೇರಿ ಮೊದಲ ವರ್ಷ ಎರಡು ಸಾವಿರದ ಮೇಲೆ ಕೈಯಿಂದ ಹೋಯಿತು. ನೇರ ಗೂಟ, ಅಚ್ಚಿನಿಂದ ಶುರು ಮಾಡುವವರಿಗೆ ಗೂಟಕ್ಕೆ ಇನ್ನೂರು, ಪೇಂಟಿಗೆ ಎಪ್ಪತ್ತು ಎಂಬತ್ತು, ಫೆವಿಕಾಲಿಗೆ ಐವತ್ತು; ಒಟ್ಟು ನಾನೂರರೊಳಗೆ ಮುಗಿಯುತ್ತದೆ. ಜೂನ್ ಮೊದಲ ಹದಿನೈದು ದಿನದಲ್ಲೇ ಮುಗಿಸಿ. ಮಳೆ ಹಿಡಿದರೆ ಗೋಡೆ ಒಣಗುವುದಿಲ್ಲ, ಬಿತ್ತನೆ ಶುರುವಾದರೆ ಸಂಜೆ ಮನೆಯಲ್ಲಿ ಜನ ಸಿಗುವುದಿಲ್ಲ.

ಯುಗಾದಿಗೆ ಮನೆಗಳಿಗೆ ಸುಣ್ಣ ಹೊಡೆದರು. ಚಿತ್ರಗಳೆಲ್ಲ ಮುಚ್ಚಿಹೋಗಿರುತ್ತವೆ ಎಂದುಕೊಂಡು ಒಂದು ಸುತ್ತು ನೋಡಿ ಬಂದೆ. ಇಪ್ಪತ್ತೇಳು ಮನೆಗಳಲ್ಲಿ ಚಿತ್ರದ ಸುತ್ತ ಒಂದು ಗೇಣು ಜಾಗ ಬಿಟ್ಟು ಸುಣ್ಣ ಬಳಿದಿದ್ದಾರೆ. ಉಳಿದ ಹನ್ನೊಂದು ಮನೆಗೆ ಮೇ ಕೊನೆಯ ವಾರ ಹೋಗಬೇಕು. ಪೇಂಟಿನ ಡಬ್ಬಿಯನ್ನು ಮುಚ್ಚಳ ಬಿಗಿದು ತಲೆಕೆಳಗಾಗಿ ಇಟ್ಟಿದ್ದೇನೆ, ಹಾಗಿಟ್ಟರೆ ಮೇಲೆ ಕೆನೆಗಟ್ಟುವುದಿಲ್ಲ.